ಹಬ್ಬದ ಮರುದಿನದ ತೂಕ

ಚೌತಿ, ನವರಾತ್ರಿ ಮುಗಿದ ಮರುದಿನ ಬೆಳಿಗ್ಗೆ ನನ್ನ ವಾಟ್ಸಾಪ್ ತುಂಬ ತೂಕದ ಯಂತ್ರದ ಫೋಟೋಗಳು. ಮುಂಬಯಿ ಸುತ್ತಲಿನ ಡೊಂಬಿವಲಿ, ಮುಲುಂಡ್, ವಾಶಿ, ಎಲ್ಲಿಂದ ಬಂದರೂ ಪ್ರಶ್ನೆ ಒಂದೇ: "ಮೇಡಂ, ಒಂದೇ ದಿನಕ್ಕೆ ಎರಡು ಕೆಜಿ ಏರಿದೆ. ಇವತ್ತು ಬರೀ ಪಪ್ಪಾಯ ತಿಂದ್ರೆ ಇಳಿಯುತ್ತಾ?" ಆಹಾರತಜ್ಞೆಯಾಗಿ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಏರಿದ್ದು ಕೊಬ್ಬಲ್ಲ.

ಲೆಕ್ಕ ಹಾಕಿ ನೋಡಿ. ಮೈಗೆ ಒಂದು ಕೆಜಿ ಕೊಬ್ಬು ಹತ್ತಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಹೋಳಿಗೆ, ತುಪ್ಪ, ಆಂಬೊಡೆ, ಪಾಯಸ ಎಲ್ಲ ಸೇರಿ ಹಬ್ಬದ ದಿನ 1,200 ಹೆಚ್ಚಾಯಿತು ಎನ್ನೋಣ. ಕೊಬ್ಬಿನ ಲೆಕ್ಕದಲ್ಲಿ ಅದು 150 ಗ್ರಾಂ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನದು ನೀರು. ತಿಂದ ಅನ್ನ, ಸಕ್ಕರೆಯ ಒಂದು ಪಾಲನ್ನು ದೇಹ ಗ್ಲೈಕೋಜೆನ್ ರೂಪದಲ್ಲಿ ಯಕೃತ್ತು, ಸ್ನಾಯುಗಳಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರೂ ನಿಲ್ಲುತ್ತದೆ. ಮುನ್ನೂರು ಗ್ರಾಂ ಕೂಡಿದರೆ ಯಂತ್ರದ ಮೇಲೆ ಒಂದು ಕೆಜಿಗೂ ಮಿಕ್ಕಿ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಿಂದ ಇನ್ನೂ ಹೊರಹೋಗದ ಊಟದ ಭಾರವೂ ಇದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಇದೆಲ್ಲದರ ಮೇಲೆ ಮತ್ತಷ್ಟು. ಮಾಮೂಲಿ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಅನ್ನ ಬಿಟ್ಟ ಮೊದಲ ವಾರ ಮೂರು ಕೆಜಿ ಇಳಿದು ಸಂಭ್ರಮಿಸುತ್ತೀರಲ್ಲ, ಅಲ್ಲಿ ಹೋದದ್ದೂ ಮುಖ್ಯವಾಗಿ ಇದೇ ನೀರು.

ನನಗೆ ಕೋಪ ಬರುವುದು ಫೋಟೋಗಳಿಗಲ್ಲ, ಆಮೇಲಿನ ಉಪವಾಸಕ್ಕೆ. ಡೊಂಬಿವಲಿಯ ಒಬ್ಬ ಅಕ್ಕ, ನಮ್ಮ ಕುಂದಾಪುರದ ಕಡೆಯವರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ಬಿಟ್ಟು ಲೋಕಲ್ ರೈಲು ಹತ್ತಿದರು. ಠಾಣೆ ದಾಟುವಷ್ಟರಲ್ಲಿ ರಕ್ತದ ಸಕ್ಕರೆ ಇಳಿದು ಕೈ ನಡುಕ, ಮೈಯೆಲ್ಲ ಬೆವರು. ಪಕ್ಕದಲ್ಲಿದ್ದ ಹೆಂಗಸು ಪರ್ಸಿನಿಂದ ಚಿಕ್ಕಿ ತೆಗೆದು ಬಾಯಿಗಿಟ್ಟು, "ಖಾ ತಾಯಿ, ಆಧೀ ಖಾ" (ತಿನ್ನು ಅಕ್ಕ, ಮೊದಲು ತಿನ್ನು) ಎಂದು ಮರಾಠಿಯಲ್ಲಿ ಅಂದರಂತೆ. ಆ ಪುಣ್ಯಾತ್ಗಿತ್ತಿ ಇರದಿದ್ದರೆ ಏನಾಗುತ್ತಿತ್ತೋ. ಕೆಲವು ಮಾತ್ರೆಗಳ ಮೇಲೆ, ಇನ್ಸುಲಿನ್ ಮೇಲೆ ಇರುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬೇಡಿ.

ಮಾತ್ರೆ ಇಲ್ಲದವರಿಗೂ ಪದೇ ಪದೇ ಉಪವಾಸ ಬಿದ್ದರೆ ನಷ್ಟವೇ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹಳೆಯ ಊಟಕ್ಕೆ ಮರಳಿದಾಗ ಕೊಬ್ಬು ಬೇಗ ಬರುತ್ತದೆ, ಸ್ನಾಯು ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ನಾನು ಭಾರದ ವ್ಯಾಯಾಮಕ್ಕೆ ಜೋತುಬೀಳುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಡಿಗೆ ಹೇಗೋ ಆಗುತ್ತದೆ, ದಾದರ್ ಸ್ಟೇಷನ್ನಿನ ಸೇತುವೆ ಹತ್ತಿಳಿಯದೆ ನಮ್ಮ ಯಾರ ದಿನವೂ ಮುಗಿಯುವುದಿಲ್ಲ. ಎರಡನೆಯದು ಮಾತ್ರ ಯಾರೂ ಮಾಡುವುದಿಲ್ಲ. ಜಿಮ್ಮೇ ಬೇಕೆಂದಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯಿರಿ, ಎರಡು ಕೈಯಲ್ಲೂ ಬೇಳೆಯ ಚೀಲ ಹಿಡಿದು ಮನೆಯೊಳಗೇ ನಡೆಯಿರಿ. ಮಂಡಿ, ಬೆನ್ನಿನ ತೊಂದರೆ ಇದ್ದವರು ಮೊದಲು ಫಿಸಿಯೋ ಹತ್ತಿರ ತೋರಿಸಿ. ಶುರುವಿನ ಒಂದೆರಡು ವಾರ ನೊಂದ ಸ್ನಾಯುಗಳು ನೀರು ಹಿಡಿದು ತೂಕ ತುಸು ಏರಬಹುದು, ಅದಕ್ಕೆ ಹೆದರಿ ಬಿಡಬೇಡಿ. ತಟ್ಟೆಯಲ್ಲಿ ಅನ್ನ ಇರಲಿ, ಅದರ ಪಕ್ಕ ಪಲ್ಯ ಇನ್ನೊಂದು ಸೌಟು, ಕಾಳೋ ಮೊಸರೋ ಮೀನೋ ದಿನವೂ ಇರಲಿ.

ತೂಕ ನೋಡಲೇಬೇಕೆಂದರೆ ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ಅದೇ ಯಂತ್ರದ ಮೇಲೆ ನಿಲ್ಲಿ. ಈ ವಾರದ ಸರಾಸರಿಯನ್ನು ಹೋದ ತಿಂಗಳ ಸರಾಸರಿಯೊಂದಿಗೆ ಹೋಲಿಸಿ. ಸೊಂಟಕ್ಕೆ ಟೇಪು ಹಿಡಿಯಿರಿ: ನಮ್ಮವರಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಗಮನ ಕೊಡಬೇಕು.

ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಸಮಾಧಾನ ಅನ್ವಯಿಸುವುದಿಲ್ಲ. ಎರಡು ಮೂರು ದಿನದಲ್ಲಿ ತೂಕ ಏರಿ, ಕಾಲು ಊದಿಕೊಂಡು ಏದುಸಿರು ಬಂದರೆ ನನಗೆ ಫೋಟೋ ಕಳಿಸಬೇಡಿ, ಅದೇ ದಿನ ನಿಮ್ಮ ವೈದ್ಯರ ಹತ್ತಿರ ಹೋಗಿ.