ಕಾಲುವೆಯ ಕೊನೆಗೆ ನಿಂತ ರೂಲ್

“ಸರ್, ಈ ಐಪಿಗಳನ್ನು ಬ್ಲಾಕ್ ಮಾಡಿ 11 ದಿನ ಆಯ್ತು. ಹಿಟ್ ಕೌಂಟ್ ನೋಡಿ, ಸೊನ್ನೆ. ನಮ್ಮ ಕಡೆಯಿಂದ ಒಂದು ಪ್ಯಾಕೆಟ್ ಕೂಡ ಅತ್ತ ಹೋಗಿಲ್ಲ.”

ಸಹಕಾರಿ ಸಂಸ್ಥೆಯೊಂದರ ಫೈರ್‌ವಾಲ್ ತಪಾಸಣೆಗೆ ಕೂತಿದ್ದೆ. ಹೀಗೆಂದವನು ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ, ಶ್ರದ್ಧೆಯಿಂದ ಕೆಲಸ ಮಾಡುವವನು. ಫೈರ್‌ವಾಲ್ ಎಂದರೆ ಒಳಗಿನ ನೆಟ್‌ವರ್ಕ್‌ಗೂ ಹೊರಗಿನ ಇಂಟರ್‌ನೆಟ್‌ಗೂ ನಡುವೆ ನಿಂತ ಕಾವಲುಗಾರ. ಹಾದುಹೋಗುವ ಪ್ರತಿ ಪ್ಯಾಕೆಟ್ಟನ್ನು, ಅಂದರೆ ಡೇಟಾದ ತುಣುಕನ್ನು, ರೂಲ್‌ಗಳ ಪಟ್ಟಿ ನೋಡಿ ಬಿಡುತ್ತದೆ (ಅಲೋ) ಅಥವಾ ತಡೆಯುತ್ತದೆ (ಡಿನೈ). ಒಂದು ರೂಲ್‌ಗೆ ಎಷ್ಟು ಸಲ ಪ್ಯಾಕೆಟ್ ಹೊಂದಿತು ಎಂಬ ಎಣಿಕೆಯೇ ಹಿಟ್ ಕೌಂಟ್. ಮಾಲ್‌ವೇರ್ ಸರ್ವರ್‌ಗಳ ಐಪಿ ವಿಳಾಸಪಟ್ಟಿ ಕೈಗೆ ಬಂದ ದಿನವೇ ಡಿನೈ ರೂಲ್ ಬರೆದಿದ್ದ, ಕಾಮೆಂಟ್‌ನಲ್ಲಿ ತಾರೀಖು ನಮೂದಿಸಿದ್ದ, ಲಾಗ್ (ಹಾದುಹೋದದ್ದರ ದಾಖಲೆ) ಕೂಡ ಆನ್ ಮಾಡಿದ್ದ. ಆ ರೂಲ್ ಇದ್ದದ್ದು 38ನೇ ಸಾಲಿನಲ್ಲಿ. 6ನೇ ಸಾಲಿನಲ್ಲಿ ‘ಲ್ಯಾನ್‌ನಿಂದ ಇಂಟರ್‌ನೆಟ್‌ಗೆ, ಎಲ್ಲ ಸರ್ವಿಸ್, ಅಲೋ’ ಎಂಬ, ಅಂದರೆ ಒಳಗಿನ ಯಾರು ಬೇಕಾದರೂ ಹೊರಗೆ ಎಲ್ಲಿಗಾದರೂ ಹೋಗಬಹುದೆನ್ನುವ ಹಳೆಯ ರೂಲ್ ಇತ್ತು. ಅದಕ್ಕೆ ಲಾಗ್ ಇರಲಿಲ್ಲ. ಆ 6ನೇ ರೂಲ್‌ಗೆ ಲಾಗ್ ಹಾಕಿ ಕಾದೆವು. ಅರ್ಧ ಗಂಟೆಯೊಳಗೆ ಲೆಕ್ಕಪತ್ರ ವಿಭಾಗದ ಒಂದು ಕಂಪ್ಯೂಟರ್, ಪಟ್ಟಿಯಲ್ಲಿದ್ದ ವಿಳಾಸವೊಂದಕ್ಕೆ ಪೋರ್ಟ್ 443ರಲ್ಲಿ (ಸುರಕ್ಷಿತ ವೆಬ್ ಸಂಪರ್ಕ ಬಳಸುವ ದ್ವಾರದ ಸಂಖ್ಯೆ) ಹೋಗಿ ಬರುತ್ತಿರುವುದು ಕಂಡಿತು.

ನಾನು ರಾಯಚೂರು ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಪಾಡು ಕಂಡು ಬೆಳೆದವನು. ಕಾಗದದ ಮೇಲೆ ಮಾನ್ವಿ, ಸಿರವಾರದ ಹೊಲಗಳಿಗೂ ನೀರಿದೆ. ಮೇಲ್ಭಾಗದವರು ಎಳೆದುಕೊಂಡ ಮೇಲೆ ಕೆಳಗಿನ ತೂಬು ತೆರೆದಿದ್ದರೇನು, ಮುಚ್ಚಿದ್ದರೇನು? ಹಾಗೆಂದು ಒಣಗಿದ ತೂಬನ್ನು ನೋಡಿ ‘ಡ್ಯಾಮ್‌ನಿಂದ ನೀರೇ ಬಿಟ್ಟಿಲ್ಲ’ ಎಂದು ನಮ್ಮೂರಿನ ಯಾರೂ ನಂಬುವುದಿಲ್ಲ. ಫೈರ್‌ವಾಲ್ ಮುಂದೆ ಕೂತಾಗ ಮಾತ್ರ ಸೊನ್ನೆ ಹಿಟ್ ನೋಡಿ ನಾವು ಅದನ್ನೇ ನಂಬುತ್ತೇವೆ. ಸೊನ್ನೆಗೆ ಎರಡು ಅರ್ಥ: ಅಂಥ ಪ್ಯಾಕೆಟ್ ಬರಲೇ ಇಲ್ಲ, ಅಥವಾ ಬಂದದ್ದನ್ನು ಮೇಲಿನ ಯಾವುದೋ ರೂಲ್ ಆಗಲೇ ವಿಲೇವಾರಿ ಮಾಡಿದೆ. ಯಾವುದು ಎಂದು ಸೊನ್ನೆ ತಾನಾಗಿ ಹೇಳುವುದಿಲ್ಲ.

ನಾವು ದಿನನಿತ್ಯ ಬಳಸುವ ಬಹುಪಾಲು ಫೈರ್‌ವಾಲ್‌ಗಳು, ಅಂದರೆ ಸಿಸ್ಕೋ ಎಸಿಎಲ್ (ಸಿಸ್ಕೋ ಉಪಕರಣಗಳ ರೂಲ್ ಪಟ್ಟಿ), ಫೋರ್ಟಿಗೇಟ್, ಪಾಲೋ ಆಲ್ಟೋ, ಲಿನಕ್ಸ್‌ನ ಐಪಿಟೇಬಲ್ಸ್, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತವೆ. ಪ್ಯಾಕೆಟ್ಟಿಗೆ ಹೊಂದುವ ಮೊದಲ ರೂಲ್ ಸಿಕ್ಕ ಕೂಡಲೇ ಅದು ಹೇಳಿದಂತೆ ಮಾಡಿ ಓದು ನಿಲ್ಲಿಸುತ್ತವೆ. ಕೆಳಗೆ ಅದಕ್ಕಿಂತ ನಿಖರವಾದ ರೂಲ್ ಇದೆಯೇ ಎಂದು ನೋಡಲು ಹೋಗುವುದಿಲ್ಲ. ಇಲ್ಲೇ ಹೊಸಬರು ಎಡವುವುದು. ರೂಟಿಂಗ್, ಅಂದರೆ ಪ್ಯಾಕೆಟ್ಟಿಗೆ ದಾರಿ ಆರಿಸುವ ಕೆಲಸ, ಕಲಿತು ಬಂದವರಿಗೆ ‘ಹೆಚ್ಚು ನಿಖರವಾದದ್ದೇ ಗೆಲ್ಲುತ್ತದೆ’ ಎಂಬುದು ರೂಢಿಯಾಗಿರುತ್ತದೆ. ರೂಟಿಂಗ್ ಟೇಬಲ್‌ನಲ್ಲಿ 10.20.5.0/24ಕ್ಕೆ ಒಂದು ದಾರಿ, 10.0.0.0/8ಕ್ಕೆ ಇನ್ನೊಂದು ದಾರಿ ಇದ್ದರೆ ಕಡಿಮೆ ವಿಳಾಸಗಳಿರುವ ಮೊದಲನೆಯದೇ ಗೆಲ್ಲುವುದು ನಿಜ. ಫೈರ್‌ವಾಲ್‌ನಲ್ಲಿ ಗೆಲ್ಲುವುದು ಮೇಲಿರುವುದು.

ಸಣ್ಣ ಲಿನಕ್ಸ್ ಸರ್ವರ್ ಇಟ್ಟುಕೊಂಡವರು ಇದನ್ನು ಇವತ್ತೇ ನೋಡಬಹುದು. ಯುಎಫ್‌ಡಬ್ಲ್ಯೂನಲ್ಲಿ (ಐಪಿಟೇಬಲ್ಸ್ ರೂಲ್‌ಗಳನ್ನು ಸುಲಭವಾಗಿ ಬರೆಯಲು ಇರುವ ಸಾಧನ) ಮೊದಲು ಪೋರ್ಟ್ 22ಕ್ಕೆ, ಅಂದರೆ ದೂರದಿಂದ ಲಾಗಿನ್ ಆಗುವ ದ್ವಾರಕ್ಕೆ, ಅಲೋ ಕೊಟ್ಟಿರುತ್ತೀರಿ. ಆಮೇಲೆ ಯಾವುದೋ ವಿಳಾಸದಿಂದ ಪಾಸ್‌ವರ್ಡ್ ಊಹಿಸುವ ಕಾಟ ಶುರುವಾಗುತ್ತದೆ, ಉದಾಹರಣೆಗೆ 203.0.113.45 ಎಂದಿಟ್ಟುಕೊಳ್ಳಿ. ಆ ವಿಳಾಸಕ್ಕೆ ಡಿನೈ ಬರೆಯುತ್ತೀರಿ. ‘ರೂಲ್ ಸೇರಿಸಲಾಗಿದೆ’ ಎಂಬ ಉತ್ತರವೂ ಬರುತ್ತದೆ. ಕಾಟ ಮಾತ್ರ ನಿಲ್ಲುವುದಿಲ್ಲ. ಹೊಸ ರೂಲ್ ಪಟ್ಟಿಯ ತಳಕ್ಕೆ ಸೇರಿದೆ, ಪೋರ್ಟ್ 22ಕ್ಕೆ ಬರುವವರೆಲ್ಲ ಮೇಲಿನ ಅಲೋದಲ್ಲೇ ಒಳಗೆ ಹೋಗುತ್ತಿದ್ದಾರೆ. ‘ಇನ್ಸರ್ಟ್ 1’ ಎಂದು ಹೇಳಿ ಅದನ್ನು ಪಟ್ಟಿಯ ತಲೆಗೆ ಹಾಕಬೇಕಿತ್ತು. ಐಪಿಟೇಬಲ್ಸ್‌ನಲ್ಲಿ ‘ಅಪೆಂಡ್’ ಮತ್ತು ‘ಇನ್ಸರ್ಟ್’ ನಡುವಿನ ವ್ಯತ್ಯಾಸವೂ ಇದೇ. ಫೋರ್ಟಿಗೇಟ್‌ನಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ಪ್ರತಿ ಪಾಲಿಸಿಗೂ ಒಂದು ಐಡಿ ಸಂಖ್ಯೆ ಇರುತ್ತದೆ, ಆ ಸಂಖ್ಯೆಗೂ ಓದುವ ಕ್ರಮಕ್ಕೂ ಸಂಬಂಧವಿಲ್ಲ. ಐಡಿ 57 ಮೇಲೆ, ಐಡಿ 3 ಕೆಳಗೆ ಇರಬಹುದು. ಫೋನಿನಲ್ಲಿ ‘3ನೇ ಪಾಲಿಸಿ’ ಎಂದು ಯಾರಾದರೂ ಹೇಳಿದರೆ ಐಡಿಯೋ ಸಾಲೋ ಎಂದು ಮೊದಲು ಕೇಳುವುದು ನನ್ನ ಅಭ್ಯಾಸ.

ಮೇಲಿನ ರೂಲ್‌ನ ನೆರಳಿಗೆ ಪೂರ್ತಿ ಸಿಕ್ಕಿಬಿದ್ದ ರೂಲ್‌ಗೆ ನಮ್ಮ ವೃತ್ತಿಯಲ್ಲಿ ‘ಶ್ಯಾಡೋ’ ಆದ ರೂಲ್ ಎನ್ನುತ್ತಾರೆ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿದ್ದ ಇಹಾಬ್ ಅಲ್-ಶಾಯರ್ ಮತ್ತು ಹಝೆಮ್ ಹಮೆದ್ ಸುಮಾರು 20 ವರ್ಷಗಳ ಹಿಂದೆಯೇ ಇಂಥ ದೋಷಗಳನ್ನು ವಿಂಗಡಿಸಿ ಹೆಸರಿಟ್ಟಿದ್ದರು. ಪೂರ್ತಿ ನೆರಳನ್ನು ಹುಡುಕುವುದು ಯಂತ್ರಕ್ಕೆ ಸುಲಭ. ಬದಲಾವಣೆಯನ್ನು ಕಮಿಟ್ ಮಾಡುವಾಗಲೇ, ಅಂದರೆ ಜಾರಿಗೆ ತರುವಾಗಲೇ, ಪಾಲೋ ಆಲ್ಟೋ ಎಚ್ಚರಿಸುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅಲ್-ಶಾಯರ್ ಮತ್ತು ಹಮೆದ್ ‘ಕೋರಿಲೇಷನ್’ ಎಂದು ಕರೆದ ಬಗೆ, ಎರಡು ರೂಲ್‌ಗಳು ಅರ್ಧಂಬರ್ಧ ಹೆಣೆದುಕೊಂಡಿರುವುದು. ಒಂದು ರೂಲ್ ‘ಲೆಕ್ಕಪತ್ರ ವಿಭಾಗದಿಂದ ಎಲ್ಲಿಗಾದರೂ ಪೋರ್ಟ್ 443ರಲ್ಲಿ ಹೋಗಬಹುದು’ ಎನ್ನುತ್ತದೆ. ಇನ್ನೊಂದು ‘ಡೇಟಾಬೇಸ್ ಸರ್ವರ್‌ಗಳ ಕಡೆಗೆ ಯಾರೂ ಹೋಗಕೂಡದು’ ಎನ್ನುತ್ತದೆ. ಎರಡಕ್ಕೂ ಹಿಟ್ ಬರುತ್ತಿರುತ್ತದೆ, ಎರಡೂ ಆರೋಗ್ಯವಾಗಿಯೇ ಕಾಣುತ್ತವೆ. ಲೆಕ್ಕಪತ್ರದವರು ಡೇಟಾಬೇಸ್ ಸರ್ವರ್‌ನ 443ಕ್ಕೆ ಹೋದರೆ? ಮೇಲೆ ಯಾವುದಿದೆಯೋ ಅದರಂತೆ. ಯಾವುದು ಮೇಲಿರಬೇಕು ಎಂಬುದನ್ನು ಯಾವ ಉಪಕರಣವೂ ಹೇಳಲಾರದು. ಆ ವಿಭಾಗದ ಮುಖ್ಯಸ್ಥರನ್ನು ಕೇಳಿಯೇ ತಿಳಿಯಬೇಕು. ಎಷ್ಟೋ ಕಡೆ ಯಾರೂ ಕೇಳಿರುವುದಿಲ್ಲ, ಯಾವ ರೂಲ್ ಮೊದಲು ಬರೆದರೋ ಅದೇ ಸಂಸ್ಥೆಯ ನೀತಿಯಾಗಿ ಕೂತಿರುತ್ತದೆ.

ಕ್ರಮ ಸರಿಪಡಿಸಿದ ಮೇಲೂ ಒಂದು ಮೋಸವಿದೆ. ಐಪಿಟೇಬಲ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲ ಸಾಲೇ ‘ಆಗಲೇ ಶುರುವಾದ ಸಂಪರ್ಕಗಳನ್ನು ಬಿಡು’ ಎಂದಿರುತ್ತದೆ. ಅದು ಮೇಲಿರುವುದು ಸರಿಯೇ, ಬಹುಪಾಲು ಪ್ಯಾಕೆಟ್‌ಗಳು ಅಲ್ಲೇ ಮುಗಿದು ಮೆಷಿನ್ ಮೇಲಿನ ಹೊರೆ ಇಳಿಯುತ್ತದೆ. ಆದರೆ ನೀವು ಅದರ ಕೆಳಗೆ ಹೊಸ ಡಿನೈ ಬರೆದಾಗ, ಈಗಾಗಲೇ ತೆರೆದಿರುವ ಸಂಪರ್ಕಕ್ಕೆ ಅದು ತಾಗುವುದಿಲ್ಲ. ಲಿನಕ್ಸ್ ಕರ್ನಲ್ ಒಂದು ಟಿಸಿಪಿ ಸಂಪರ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಡೀಫಾಲ್ಟ್ ಅವಧಿ 4,32,000 ಸೆಕೆಂಡು, ಅಂದರೆ 5 ದಿನ. ಅದೂ ಕೊನೆಯ ಪ್ಯಾಕೆಟ್‌ನಿಂದ ಎಣಿಸಿದ ಅವಧಿ, ಪ್ರತಿ ಹೊಸ ಪ್ಯಾಕೆಟ್‌ಗೂ ಗಡಿಯಾರ ಮತ್ತೆ ಮೊದಲಿನಿಂದ ಶುರು. ಸಿಸ್ಕೋದ ಎಎಸ್‌ಎ ಫೈರ್‌ವಾಲ್‌ನಲ್ಲೂ ಹೀಗೆಯೇ, ಎಸಿಎಲ್ ಬದಲಾಯಿಸಿದರೂ ಚಾಲ್ತಿಯಲ್ಲಿರುವ ಸಂಪರ್ಕಗಳು ಉಳಿಯುತ್ತವೆ. ದಾಳಿಯ ಹೊತ್ತಿನಲ್ಲಿ ರೂಲ್ ಬರೆದವರು ಹಳೆಯ ಸೆಷನ್ನುಗಳನ್ನು ಕೈಯಾರೆ ಕಡಿಯಲೇಬೇಕು.

ಎಲ್ಲ ವ್ಯವಸ್ಥೆಗಳೂ ಮೊದಲ ರೂಲನ್ನೇ ಪಾಲಿಸುತ್ತವೆ ಎಂದುಕೊಂಡು ಹೋದರೂ ಪೆಟ್ಟು ತಿನ್ನುತ್ತೇವೆ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಫೈರ್‌ವಾಲ್ ಆದ ಪಿಎಫ್‌ನಲ್ಲಿ ಹೊಂದುವ ಕೊನೆಯ ರೂಲ್ ಗೆಲ್ಲುತ್ತದೆ. ‘ಕ್ವಿಕ್’ ಎಂದು ಬರೆದಿದ್ದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಅದನ್ನೇ ಆಧರಿಸಿದ ಪಿಎಫ್‌ಸೆನ್ಸ್‌ನಲ್ಲಿ ಇಂಟರ್‌ಫೇಸ್ ರೂಲ್‌ಗಳಿಗೆ ಕ್ವಿಕ್ ತಾನಾಗಿ ಬರುತ್ತದೆ, ಫ್ಲೋಟಿಂಗ್ ರೂಲ್‌ಗಳಿಗೆ ನಾವು ಟಿಕ್ ಹಾಕಬೇಕು. ವಿಂಡೋಸ್ ಫೈರ್‌ವಾಲ್‌ನಲ್ಲಿ ಸಾಮಾನ್ಯ ಅಲೋಗಿಂತ ಬ್ಲಾಕ್ ರೂಲ್‌ದೇ ಮೇಲುಗೈ, ಸಾಲಿನ ಲೆಕ್ಕವಿಲ್ಲ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಡಿನೈ ಎಂಬುದೇ ಇಲ್ಲ, ಹಾಗಾಗಿ ಕ್ರಮದ ಮಾತೂ ಇಲ್ಲ. ಅದೇ ಎಡಬ್ಲ್ಯೂಎಸ್‌ನ ನೆಟ್‌ವರ್ಕ್ ಎಸಿಎಲ್‌ನಲ್ಲಿ ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಓದುತ್ತದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಝೂರ್‌ನಲ್ಲಿ ನಮಗೆ ಸಿಗುವ ಸಂಖ್ಯೆಗಳು 100ರಿಂದ 4096, ಚಿಕ್ಕದಕ್ಕೆ ಆದ್ಯತೆ. ‘ಪ್ರಯಾರಿಟಿ ಹೆಚ್ಚಿಸಿ’ ಎಂದಾಗ ಸಂಖ್ಯೆಯನ್ನೇ ಹೆಚ್ಚಿಸಿ ರೂಲನ್ನು ತಳಕ್ಕೆ ತಳ್ಳಿದವರನ್ನು ನೋಡಿದ್ದೇನೆ. ಗೂಗಲ್ ಕ್ಲೌಡ್‌ನಲ್ಲಿ ಎರಡು ರೂಲ್‌ಗಳಿಗೆ ಒಂದೇ ಸಂಖ್ಯೆ ಕೊಡಬಹುದು, ಆಗ ಡಿನೈ ಗೆಲ್ಲುತ್ತದೆ. ಒಂದು ಕಡೆಯ ರೂಲ್ ಪಟ್ಟಿಯನ್ನು ಇನ್ನೊಂದು ಕಡೆಗೆ ಸಾಲು ಸಾಲಾಗಿ ನಕಲು ಮಾಡುವ ಮೈಗ್ರೇಷನ್ ಕೆಲಸಗಳಲ್ಲಿ ಈ ವ್ಯತ್ಯಾಸಗಳೇ ಕೈಕೊಡುವುದು.

ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ನಡೆಸುವ ಡಾಕರ್ ಬಳಸುವವರಿಗೆ ಬೇರೆಯೇ ಎಚ್ಚರಿಕೆ. ಕಂಟೇನರ್‌ನ ಪೋರ್ಟನ್ನು ಹೊರಗೆ ತೆರೆದಾಗ ಡಾಕರ್ ತಾನೇ ಐಪಿಟೇಬಲ್ಸ್‌ನಲ್ಲಿ ವಿಳಾಸ ಬದಲಿಸುವ ರೂಲ್ ಬರೆಯುತ್ತದೆ. ಆ ಪ್ಯಾಕೆಟ್ ಫಾರ್ವರ್ಡ್ ಚೈನಿನ, ಅಂದರೆ ಬೇರೆಡೆಗೆ ದಾಟಿಸುವ ಪ್ಯಾಕೆಟ್‌ಗಳ ರೂಲ್ ಪಟ್ಟಿಯ, ದಾರಿ ಹಿಡಿಯುತ್ತದೆ. ನಿಮ್ಮ ಯುಎಫ್‌ಡಬ್ಲ್ಯೂ ಡಿನೈ ಮೆಷಿನ್‌ಗೇ ಬರುವ ಪ್ಯಾಕೆಟ್‌ಗಳನ್ನು ನೋಡುವ ಇನ್‌ಪುಟ್ ಚೈನಿನಲ್ಲಿ ಕಾದು ಕೂತಿರುತ್ತದೆ. ಅಂಥಲ್ಲಿ ತಡೆ ಬರೆಯಬೇಕಾದ ಜಾಗ ‘ಡಾಕರ್-ಯೂಸರ್’ ಚೈನ್.

ನಾನು ಪಟ್ಟಿ ಜೋಡಿಸುವುದು ಹೀಗೆ: ಫೈರ್‌ವಾಲನ್ನೇ ನಿರ್ವಹಿಸಲು ನಮ್ಮ ಅಡ್ಮಿನ್ ಕಂಪ್ಯೂಟರ್‌ಗೆ ಅಲೋ, ಅದರ ಕೆಳಗೆ ಉಳಿದ ಯಾರೂ ಫೈರ್‌ವಾಲನ್ನು ಮುಟ್ಟದಂತೆ ಡಿನೈ. ಆಮೇಲೆ ಸಂಸ್ಥೆಗೆಲ್ಲ ಅನ್ವಯಿಸುವ ತಡೆಪಟ್ಟಿ, ನಂತರ ಕಿರಿದಾದ ಅನುಮತಿಗಳು, ಅವುಗಳ ಕೆಳಗೆ ವಿಶಾಲವಾದವು, ತಳದಲ್ಲಿ ಲಾಗ್ ಸಹಿತ ಎಲ್ಲಕ್ಕೂ ಡಿನೈ. ತಳದ ಆ ಡಿನೈ ಹೇಗೂ ತಾನಾಗಿ ಇರುತ್ತದೆ, ಬರೆಯುವುದೇಕೆ ಎಂದು ಕೇಳುತ್ತಾರೆ. ತಾನಾಗಿ ಇರುವುದು ಅನೇಕ ಫೈರ್‌ವಾಲ್‌ಗಳಲ್ಲಿ ಲಾಗ್ ಬರೆಯುವುದಿಲ್ಲ, ಅದಕ್ಕೆ. ಮೊದಲ ಎರಡು ಸಾಲು ಅದಲುಬದಲಾದರೆ ಮಾತ್ರ ಬಾಗಿಲು ನಮಗೇ ಮುಚ್ಚುತ್ತದೆ. ದೂರದ ಶಾಖೆಯ ಪಟ್ಟಿ ಮುಟ್ಟುವಾಗ ಜೂನಿಪರ್‌ನ ‘ಕಮಿಟ್ ಕನ್ಫರ್ಮ್ಡ್’ ನಂಥದ್ದು ಇದ್ದರೆ ತಪ್ಪದೆ ಬಳಸಿ. 10 ನಿಮಿಷದಲ್ಲಿ ಖಾತ್ರಿ ಮಾಡದಿದ್ದರೆ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ. ಇನ್ನು ಡಿನೈ ಬರೆದ ಪ್ರತಿ ಸಲ ಒಳಗಿನ ಕಂಪ್ಯೂಟರ್‌ನಿಂದ ಆ ವಿಳಾಸಕ್ಕೆ ನೀವೇ ಒಂದು ಪ್ಯಾಕೆಟ್ ಕಳಿಸಿ. ಹಿಟ್ ಸೊನ್ನೆಯಿಂದ ಒಂದಾಯಿತೇ ನೋಡಿ. ಆಗದಿದ್ದರೆ ಕೆಲಸ ಮುಗಿದಿಲ್ಲ.

ಆ ದಿನ 38ನೇ ರೂಲನ್ನು ಮೇಲಕ್ಕೆ ಎಳೆದು, ಹಳೆಯ ಸೆಷನ್ ಕಡಿದು, ಆ ಕಂಪ್ಯೂಟರ್‌ನ ಕೇಬಲ್ ತೆಗೆಸಿದೆವು. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ವರದಿ ಬರೆಯಲು ಹುಡುಗ ನನ್ನ ಪಕ್ಕದಲ್ಲೇ ಕೂತ. ಯಾವ ಕಂಪ್ಯೂಟರ್, ಯಾವ ವಿಳಾಸ, ಯಾವ ಪೋರ್ಟ್, ಎಲ್ಲವನ್ನೂ ಬರೆದ. ಯಾವಾಗಿನಿಂದ ಎಂಬಲ್ಲಿ ಬಂದು ನಿಂತ. 38ನೇ ರೂಲ್‌ನ ಲಾಗ್‌ನಲ್ಲಿ 11 ದಿನವೂ ಖಾಲಿ. 6ನೇ ರೂಲ್‌ನ ಲಾಗ್‌ನಲ್ಲಿದ್ದದ್ದು ಆ ಅರ್ಧ ಗಂಟೆ ಮಾತ್ರ.