ಜ್ಯೂರಿ ಹೇಳಿದ ಮೊತ್ತ ಕೈಗೆ ಬಂದ ಹಾಗಾ?

ಪ್ರಶ್ನೆ: ಪೇಟೆಂಟ್ ಕೇಸಿನಲ್ಲಿ ಅಮೆರಿಕದ ಜ್ಯೂರಿ (ತೀರ್ಪು ಹೇಳಲು ಕೋರ್ಟು ಆರಿಸುವ ಸಾಮಾನ್ಯ ನಾಗರಿಕರ ತಂಡ) ನೂರಾರು ಕೋಟಿ ಡಾಲರ್ ಪರಿಹಾರ ಕೊಡಿಸಿದೆ. ಗೆದ್ದ ಕಂಪನಿಯ ಷೇರು ಕೊಂಡು ಸೋತದ್ದನ್ನು ಮಾರಿಬಿಡಲಾ?

ಉತ್ತರ: ಕಂಪನಿಗಳ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಜ್ಯೂರಿ ಬಾಯಲ್ಲಿ ಬಂದ ಮೊತ್ತ ಮರುದಿನವೇ ಗೆದ್ದವರ ಖಾತೆಗೆ ಜಮೆಯಾಗುತ್ತದೆ ಎಂಬ ನಂಬಿಕೆ ಎಲ್ಲಿ ಹುಟ್ಟಿತೋ, ಏನು ಮಾಡಿದರೂ ಸಾಯುತ್ತಿಲ್ಲ.

ಐಫೋನ್ ನಕಲು ಮಾಡಿದ್ದಾರೆಂಬ ಆಪಲ್–ಸ್ಯಾಮ್‌ಸಂಗ್ ಜಗಳವನ್ನೇ ನೋಡಿ. 2012ರ ಆಗಸ್ಟ್ 24, ಶುಕ್ರವಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜ್ಯೂರಿ, ಸ್ಯಾಮ್‌ಸಂಗ್ ಆಪಲ್‌ಗೆ ಸುಮಾರು 105 ಕೋಟಿ ಡಾಲರ್ ಕೊಡಬೇಕೆಂದಿತು. ಸೋಮವಾರ ಸ್ಯಾಮ್‌ಸಂಗ್ ಷೇರು ಶೇ. 7.5ರಷ್ಟು ಬಿದ್ದು, ಸುಮಾರು 1,200 ಕೋಟಿ ಡಾಲರ್ ಮೌಲ್ಯ ಕರಗಿತು. ಪರಿಹಾರದ ಹನ್ನೊಂದು ಪಟ್ಟು! ಅವತ್ತು ಗಾಬರಿಯಲ್ಲಿ ಮಾರಿದವರು ಮುಂದಿನ ಕಥೆ ಕೇಳಬೇಕು. 2013ರ ಮಾರ್ಚ್‌ನಲ್ಲಿ ನ್ಯಾಯಾಧೀಶೆ ಜ್ಯೂರಿಯ ಲೆಕ್ಕ ತಪ್ಪೆಂದು ಸುಮಾರು 45 ಕೋಟಿ ತೆಗೆದುಹಾಕಿ, ಆ ಭಾಗವನ್ನು ಮತ್ತೆ ವಿಚಾರಣೆಗೆ ಹಾಕಿದರು. ಅಲ್ಲಿ 29 ಕೋಟಿ ಬಂತು. 2015ರಲ್ಲಿ ಮೇಲ್ಮನವಿ ಕೋರ್ಟ್ ಇನ್ನಷ್ಟು ಕತ್ತರಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್ ಕೊಡಲು ಒಪ್ಪಿದ್ದು 54.8 ಕೋಟಿ. ಅದೂ ವಾಪಸ್ ಕೇಳುವ ಹಕ್ಕು ಉಳಿಸಿಕೊಂಡೇ! ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಮ್‌ಸಂಗ್ ಪರ ನಿಂತು ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. 2018ರ ಮೇನಲ್ಲಿ ಮತ್ತೊಂದು ಜ್ಯೂರಿ 53.9 ಕೋಟಿ ಎಂದಿತು. ಜೂನ್‌ನಲ್ಲಿ ಇಬ್ಬರೂ ರಾಜಿಯಾದರು. ದಾವೆ ಹೂಡಿದ್ದು 2011ರಲ್ಲಿ. ಇಷ್ಟೂ ಹೊತ್ತು ಆಪಲ್ ತನ್ನ ಫೋನಿಗೆ ಬಿಡಿಭಾಗ ಕೊಳ್ಳುತ್ತಿದ್ದುದು ಇದೇ ಸ್ಯಾಮ್‌ಸಂಗ್‌ನಿಂದ.

‘ಅದೊಂದು ಅಪವಾದ’ ಅನ್ನಬೇಡಿ. 2021ರಲ್ಲಿ ಟೆಕ್ಸಸ್‌ನ ಜ್ಯೂರಿ ಚಿಪ್ ತಯಾರಕ ಇಂಟೆಲ್ ವಿರುದ್ಧ ವಿಎಲ್‌ಎಸ್‌ಐ ಎಂಬ ಪೇಟೆಂಟ್ ಕಂಪನಿಗೆ 218 ಕೋಟಿ ಡಾಲರ್ ಕೊಡಿಸಿತು. 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅಷ್ಟನ್ನೂ ಅಳಿಸಿತು: ಒಂದು ಪೇಟೆಂಟ್ ಉಲ್ಲಂಘನೆಯೇ ಆಗಿಲ್ಲ, ಇನ್ನೊಂದರ ಪರಿಹಾರವನ್ನು ಮೊದಲಿಂದ ಲೆಕ್ಕ ಹಾಕಿ ಎಂದು. ಸೋತವರ ಕೈಯಲ್ಲಿ ಇನ್ನೂ ಒಂದು ಅಸ್ತ್ರವಿರುತ್ತದೆ: ಆ ಪೇಟೆಂಟೇ ಸಿಂಧುವಲ್ಲ ಎಂದು ಪೇಟೆಂಟ್ ಕಚೇರಿಯ ಮಂಡಳಿಯಲ್ಲಿ ಕೊಟ್ಟ ಅರ್ಜಿ. ಕೋರ್ಟಿನ ತೀರ್ಪು ಅಂತಿಮವಾಗುವ ಮೊದಲೇ ಪೇಟೆಂಟ್ ಬಿದ್ದುಹೋದರೆ ಪರಿಹಾರವೂ ಅದರ ಜೊತೆಗೇ ಹೋಗುತ್ತದೆ.

ಆದ್ದರಿಂದ ಸುದ್ದಿಯ ತಲೆಬರಹ ಬಿಟ್ಟು ತ್ರೈಮಾಸಿಕ ವರದಿಯಲ್ಲಿ ಮೊಕದ್ದಮೆಗಳ ಭಾಗ ಓದಿ, ನಷ್ಟಕ್ಕೆಂದು ಹಣ ತೆಗೆದಿಟ್ಟಿದ್ದಾರಾ ನೋಡಿ. ಒಣ ಓದು ನಿಜ, ಉಪಯೋಗ ಇರುವುದು ಅದರಲ್ಲೇ.

ಯಾರೂ ಕೇಳದ ಇನ್ನೊಂದು ಮಾತು. ನನ್ನನ್ನು ಕೇಳಿದರೆ ಹೂಡಿಕೆದಾರ ಹೆದರಬೇಕಾದ್ದು ಪರಿಹಾರಕ್ಕಲ್ಲ, ಮಾರಾಟ ನಿಷೇಧಕ್ಕೆ. ಗೆದ್ದ ಮಾತ್ರಕ್ಕೆ ನಿಷೇಧ ತಾನಾಗಿ ಸಿಗದು ಎಂದು ಸುಪ್ರೀಂ ಕೋರ್ಟ್ 2006ರ ಇಬೇ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಹಾಗಾಗಿ ಜಾಣರು ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಬಾಗಿಲು ತಟ್ಟುತ್ತಾರೆ. ಹೆಸರು ಅಂತರರಾಷ್ಟ್ರೀಯ, ಆದರೆ ಅದು ಅಮೆರಿಕದ್ದೇ ಸಂಸ್ಥೆ. ಅಲ್ಲಿ ಒಂದು ಡಾಲರ್ ಪರಿಹಾರವೂ ಇಲ್ಲ. ಆದರೆ ಸರಕನ್ನು ಬಂದರಿನಲ್ಲೇ ತಡೆಯಬಹುದು. ವೈದ್ಯಕೀಯ ಉಪಕರಣದ ಕಂಪನಿ ಮ್ಯಾಸಿಮೋ ಹೀಗೇ ಗೆದ್ದು, 2023ರ ಡಿಸೆಂಬರ್ 26ರಂದು ಆಪಲ್ ವಾಚ್‌ನ ಕೆಲವು ಮಾದರಿಗಳ ಮೇಲೆ ಆಮದು ನಿಷೇಧ ಜಾರಿಯಾಯಿತು. ಮರುದಿನವೇ ಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತು, ಜನವರಿಯಲ್ಲಿ ಆ ತಡೆಯೂ ತೆರವಾಯಿತು. ಆಮೇಲೆ ಅಮೆರಿಕದಲ್ಲಿ ಆ ಗಡಿಯಾರ ಮಾರಾಟವಾದದ್ದು ರಕ್ತದ ಆಮ್ಲಜನಕ ಅಳೆಯುವ ಸೌಲಭ್ಯ ಕಳಚಿಕೊಂಡು.