ಬೇಸಿಗೆಯ ಆರಂಭದಲ್ಲಿ ಅರಳುವ ಗಿಡಗಳು: ಮೊಗ್ಗು ಯಾವುದಕ್ಕಾಗಿ ಕಾಯುತ್ತದೆ?

ಚಿಕ್ಕಮಗಳೂರು ಮತ್ತು ಹಾಸನದ ಅಂಗಳ, ಹಿತ್ತಲುಗಳಲ್ಲಿ ಮಾರ್ಚ್‌ನಿಂದ ಮೇ ಮೊದಲ ವಾರದವರೆಗಿನ ಅವಧಿ ವಿಚಿತ್ರವಾದದ್ದು. ನೆಲದಲ್ಲಿ ತೇವ ಕಡಿಮೆಯಾಗಿ, ಬಾವಿಯ ನೀರು ಕೆಳಗಿಳಿದು, ಹುಲ್ಲು ಒಣಗಿ ನಿಂತಿರುವ ಈ ದಿನಗಳಲ್ಲಿಯೇ ಕಾಫಿ, ದುಂಡು ಮಲ್ಲಿಗೆ, ಬೋಗನ್‌ವಿಲ್ಲಾ, ಕಕ್ಕೆ, ಹೊಂಗೆ ತಮ್ಮ ವರ್ಷದ ಅತ್ಯಂತ ಚೆಲುವಾದ ರೂಪವನ್ನು ತೋರುತ್ತವೆ. ಇದಕ್ಕೆ ಬಿಸಿಲೇ ಕಾರಣವೆಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ಅದೇ ಬಿಸಿಲಿನಲ್ಲಿ ಡೇಲಿಯಾ, ಪೆಟೂನಿಯಾಗಳು ಬಾಡಿ ಮುಗಿಯುತ್ತವೆ, ಗುಲಾಬಿಯ ಹೂವು ಚಿಕ್ಕದಾಗುತ್ತದೆ. ಆದ್ದರಿಂದ ಪ್ರತಿಯೊಂದು ಗಿಡದ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಮೊಗ್ಗು ಯಾವಾಗ ಕಟ್ಟಿತು, ಯಾವ ವಯಸ್ಸಿನ ರೆಂಬೆಯ ಮೇಲೆ ಕಟ್ಟಿತು, ಅರಳುವುದಕ್ಕೆ ಅದು ಯಾವುದಕ್ಕಾಗಿ ಕಾಯುತ್ತಿದೆ? ಉತ್ತರ ಗಿಡದಿಂದ ಗಿಡಕ್ಕೆ ಬೇರೆಯಾಗುತ್ತದೆ, ಮತ್ತು ನೀರು ಕೊಡುವ ಕ್ರಮವೂ ಸವರುವ ಕಾಲವೂ ಆ ಉತ್ತರವನ್ನೇ ಅವಲಂಬಿಸಿವೆ.

ಕಾಫಿ: ಒಣಕಾಲದ ನಂತರದ ಮಳೆ

ನಮ್ಮ ಈ ಜಿಲ್ಲೆಗಳಲ್ಲಿ ಕಲಿಯುವವರಿಗೆ ಕಾಫಿಗಿಂತ ಉತ್ತಮ ಉದಾಹರಣೆ ದೊರೆಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ ಎಂಬುದೇ ಈ ಬೆಳೆಗೂ ಈ ನೆಲಕ್ಕೂ ಇರುವ ನಂಟನ್ನು ಹೇಳುತ್ತದೆ. ಮನೆಯ ಮುಂದೆ ಎರಡೇ ಗಿಡಗಳಿದ್ದರೂ ಸಾಕು, ಇಡೀ ಪಾಠವನ್ನು ಅವುಗಳಲ್ಲಿ ಓದಬಹುದು.

ಇಲ್ಲಿ ಬೆಳೆಯುವ ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಎಂಬ ಎರಡು ಜಾತಿಗಳಿವೆ. ಅರೇಬಿಕಾದಲ್ಲಿ ಮಳೆಗಾಲ ಹಿಂದೆ ಸರಿದು ಹಗಲು ಕಿರಿದಾಗುವ ಹೊತ್ತಿಗೆ ಅಡ್ಡರೆಂಬೆಗಳ ಗೆಣ್ಣುಗಳಲ್ಲಿ, ಎಲೆಯ ಕಂಕುಳಿನಲ್ಲಿ, ಹೂಮೊಗ್ಗುಗಳು ರೂಪುಗೊಳ್ಳುತ್ತವೆ. ಅವು ಕೆಲವೇ ಮಿಲಿಮೀಟರ್ ಬೆಳೆದು, ಚಳಿಗಾಲ ಮತ್ತು ಒಣಹವೆಯ ಉದ್ದಕ್ಕೂ ನಿದ್ರಾವಸ್ಥೆಯಲ್ಲಿ ಉಳಿಯುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಸುಮಾರು 25 ಮಿಲಿಮೀಟರ್‌ನಷ್ಟು, ಎಂದರೆ ಒಂದು ಇಂಚಿನಷ್ಟು, ಹೂಮಳೆ (ಹೂವನ್ನು ಅರಳಿಸುವ ಮಳೆ) ಬಿದ್ದಾಗ ಆ ನಿದ್ರೆ ಮುರಿಯುತ್ತದೆ. ಒಂದು ವಾರದಿಂದ ಹತ್ತು ದಿನಗಳೊಳಗೆ ತೋಟಕ್ಕೆ ತೋಟವೇ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ. ಹೂವು ಚೆನ್ನಾಗಿರುವುದು ಎರಡು ಮೂರು ದಿನ ಮಾತ್ರ.

ಇಲ್ಲಿ ಗಮನಿಸಬೇಕಾದದ್ದು ಮಳೆಯನ್ನಷ್ಟೇ ಅಲ್ಲ, ಅದಕ್ಕೆ ಮೊದಲಿನ ಒಣ ತಿಂಗಳುಗಳನ್ನು. ಮೊಗ್ಗು ನೀರಿನ ಕೊರತೆಯನ್ನು ಅನುಭವಿಸಿರದಿದ್ದರೆ ನಂತರದ ನೀರಿಗೆ ಒಗ್ಗಟ್ಟಿನಿಂದ ಪ್ರತಿಕ್ರಿಯಿಸುವುದಿಲ್ಲ. ಡಿಸೆಂಬರ್‌ನಿಂದ ಎಡೆಬಿಡದೆ ನೀರು ಹಾಕಿದ ಗಿಡದಲ್ಲಿ ಹೂವು ಒಮ್ಮೆಲೇ ಅರಳದೆ ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿ ಬರುತ್ತದೆ, ಹಣ್ಣೂ ಹಾಗೆಯೇ ಚದುರಿ ಮಾಗುತ್ತದೆ. ಇನ್ನೊಂದು ಕಡೆ, ಮಳೆ ತುಂತುರಾಗಿ ನಿಂತುಹೋದರೆ ಮೊಗ್ಗು ಅರ್ಧ ಉಬ್ಬಿ, ಬಿಸಿಲಿಗೆ ಸಿಕ್ಕು, ಹಸಿರು ಬಣ್ಣದ ಕುಂಠಿತ ನಕ್ಷತ್ರದಂತಾಗಿ ವ್ಯರ್ಥವಾಗುತ್ತದೆ. ಹೂವು ಉದುರಿದ ಮೇಲೆ ಎರಡು ಮೂರು ವಾರಗಳಲ್ಲಿ ಮತ್ತೊಂದು ಹದವಾದ ಮಳೆ ಬೇಕು. ಬೆಳೆಗಾರರು ಇದನ್ನು ಬ್ಯಾಕಿಂಗ್ ಎನ್ನುತ್ತಾರೆ. ಅದು ತಪ್ಪಿದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ರೊಬಸ್ಟಾ ಬೆಳೆಗಾರರು ಮಳೆಗೆ ಕಾಯದೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುವುದು ಈ ಮಳೆಯನ್ನು ತಾವೇ ತರುವ ಕ್ರಮ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿಕಟ್ಟದು, ಅದಕ್ಕೆ ಬೇರೆ ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ಆದ್ದರಿಂದ ಹೂವು ಅರಳಿದ ದಿನವೇ ಮಳೆ ಸುರಿದರೆ ನಷ್ಟ ಹೆಚ್ಚು. ಅರೇಬಿಕಾಕ್ಕೆ ಸ್ವಪರಾಗ ಸಾಕಾಗುತ್ತದೆ.

ಕಾಫಿ ಹೂವಿನ ಪರಿಮಳವನ್ನು ಎಲ್ಲರೂ ಮೆಚ್ಚುತ್ತಾರೆ, ಅದು ಮೆಚ್ಚತಕ್ಕದ್ದೇ. ಆದರೆ ಕಲಿಯುವವರು ಜನವರಿಯಲ್ಲಿಯೇ ರೆಂಬೆಯನ್ನು ಮೇಲೆತ್ತಿ, ಗೆಣ್ಣುಗಳಲ್ಲಿ ಬಿಗಿದು ಕುಳಿತಿರುವ ಮೊಗ್ಗುಗಳನ್ನು ನೋಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಇದೇ ತತ್ತ್ವವನ್ನು ಕುಂಡದಲ್ಲಿ ಕಾಣಬೇಕಾದರೆ ಗಡ್ಡೆಗಳ ಕಡೆಗೆ ತಿರುಗಬೇಕು. ಚೆಂಡಿನಂತೆ ದುಂಡಗೆ, ಒಂದೇ ದಂಟಿನ ಮೇಲೆ ನೂರಕ್ಕೂ ಹೆಚ್ಚು ಕೆಂಪು ಕಿರುಹೂಗಳನ್ನು ಹೊರುವ ಫುಟ್‌ಬಾಲ್ ಲಿಲ್ಲಿ ಮೂಲತಃ ಆಫ್ರಿಕಾದ್ದು. ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ಮಲಗಿರುತ್ತದೆ, ಏಪ್ರಿಲ್, ಮೇ ತಿಂಗಳ ಮೊದಲ ಮಳೆಗಳಿಗೆ ಎಚ್ಚರಗೊಳ್ಳುತ್ತದೆ. ಎಲೆ ಹಳದಿಯಾದ ಮೇಲೂ ನೀರು ಹಾಕುತ್ತಲೇ ಇದ್ದರೆ ಗಡ್ಡೆ ಕೊಳೆಯುತ್ತದೆ. ಇದರ ಗಡ್ಡೆ ವಿಷಕಾರಿ, ದನಕರುಗಳಿಗೆ ಸಿಗದಂತೆ ನೆಡಬೇಕು.

ಮಲ್ಲಿಗೆ: ಹೊಸ ಚಿಗುರಿನ ಹೂವು

ಮಲ್ಲಿಗೆಯ ಲೆಕ್ಕ ಕಾಫಿಯದಕ್ಕೆ ತೀರ ವಿರುದ್ಧವಾದದ್ದು. ದುಂಡು ಮಲ್ಲಿಗೆ ಹಳೆಯ ಕಡ್ಡಿಯಲ್ಲಿ ಮೊಗ್ಗನ್ನು ಕೂಡಿಟ್ಟು ಕಾಯುವುದಿಲ್ಲ. ಹೊಸದಾಗಿ ಒಡೆದ ಚಿಗುರಿನ ತುದಿಯಲ್ಲಿ ಹೂವು ಬಿಡುತ್ತದೆ. ಹಾಗಾಗಿ ಚಳಿಗಾಲದಲ್ಲಿ, ನವೆಂಬರ್ ಕೊನೆಯಿಂದ ಜನವರಿಯೊಳಗೆ, ಗಿಡವನ್ನು ನೆಲದಿಂದ ಸುಮಾರು ಒಂದೂವರೆ ಅಡಿಗೆ ಸವರಿ, ಒಣಕಡ್ಡಿಗಳನ್ನು ತೆಗೆದು, ಪಾತಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ ಮಾರ್ಚ್‌ನಿಂದ ಹೂವು ಸಮೃದ್ಧವಾಗಿ ಬರುತ್ತದೆ. ಸವರಲು ಮನಸ್ಸು ಬಾರದೆ ಬಿಟ್ಟ ಮಲ್ಲಿಗೆ ಬಳ್ಳಿಯಂತೆ ಹಬ್ಬಿ ಎಲೆಯಿಂದ ತುಂಬಿಕೊಳ್ಳುತ್ತದೆ, ಮೊಗ್ಗು ವಿರಳವಾಗುತ್ತದೆ. ಹೂವು ಬಿಡುವ ಈ ತಿಂಗಳುಗಳಲ್ಲಿ ನೀರನ್ನು ತಪ್ಪಿಸಬಾರದು. ಪಾತಿಯ ಮೇಲೆ ದರಗು ಹರಡಿದರೆ ತೇವ ಉಳಿಯುತ್ತದೆ, ಆದರೆ ಕಾಂಡಕ್ಕೆ ತಾಗಿಸಿ ರಾಶಿ ಹಾಕಬಾರದು. ಮೊಗ್ಗು ಸಂಜೆಯ ವೇಳೆಗೆ ಬಿರಿಯುವುದರಿಂದ, ತುಂಬಿ ಬೆಳ್ಳಗಾದ ಮೊಗ್ಗುಗಳನ್ನು ಬೆಳಗ್ಗೆಯೇ ಕೊಯ್ಯುತ್ತಾರೆ. ಚಳಿಗಾಲದಲ್ಲಿ ಹೂ ಬಿಡುವ ಕಾಕಡ ಮಲ್ಲಿಗೆಯನ್ನು ಇದರೊಂದಿಗೆ ಬೆರೆಸಿಕೊಂಡು ಒಂದೇ ಸಮಯದಲ್ಲಿ ಸವರುವುದು ಸರಿಯಲ್ಲ.

ಬೋಗನ್‌ವಿಲ್ಲಾ ಮತ್ತು ದೊಡ್ಡ ಮರಗಳು

ಬೋಗನ್‌ವಿಲ್ಲಾದಲ್ಲಿ ನಾವು ಹೂವೆಂದು ಮೆಚ್ಚುವುದು ಬಣ್ಣ ತಳೆದ ಎಲೆಗಳನ್ನು. ನಿಜವಾದ ಹೂವು ಅವುಗಳ ನಡುವೆ ಇರುವ ಸಣ್ಣ ಬಿಳಿ ಕೊಳವೆ. ದಕ್ಷಿಣ ಅಮೆರಿಕದ ಈ ಗಿಡಕ್ಕೆ ದಿನಕ್ಕೆ ಕನಿಷ್ಠ ಐದಾರು ಗಂಟೆಯ ನೇರ ಬಿಸಿಲು ಮತ್ತು ಸ್ವಲ್ಪ ನೀರಿನ ಕೊರತೆ ಬೇಕು. ಹೆಚ್ಚು ನೀರು, ಹೆಚ್ಚು ಸಾರಜನಕ ದೊರೆತರೆ ಮುಳ್ಳು ಮತ್ತು ಹಸಿರೆಲೆಯೇ ಬೆಳೆಯುತ್ತದೆ. ಕಡೂರು, ಅರಸೀಕೆರೆಯ ಒಣ ಸೀಮೆಯ ಹವೆ ಇದಕ್ಕೆ ಸಹಜವಾಗಿ ಒಗ್ಗುತ್ತದೆ. ಮಳೆ ಹೆಚ್ಚಿರುವ ಮೂಡಿಗೆರೆ, ಸಕಲೇಶಪುರದ ಕಡೆ ಇದೇ ಮಾರ್ಚ್, ಏಪ್ರಿಲ್ ಮಾತ್ರ ಅದರ ಕಾಲ.

ಮರಗಳ ವಿಷಯ ಸಂಕ್ಷಿಪ್ತವಾಗಿ ಹೇಳಬಹುದು. ಕಕ್ಕೆ, ಹಾಲುವಾಣ, ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಎಲೆ ಉದುರಿಸಿ ಆವಿಯಾಗುವ ನೀರನ್ನು ಉಳಿಸಿಕೊಳ್ಳುತ್ತವೆ, ಆಳದ ಬೇರಿನಿಂದ ಬರುವ ತೇವದಲ್ಲಿ ಹೂವು ಬಿಡುತ್ತವೆ. ಎಲೆಯ ಮರೆಯಿಲ್ಲದ ಹೂವು ಹಕ್ಕಿಗೂ ಕೀಟಕ್ಕೂ ದೂರದಿಂದಲೇ ಕಾಣುತ್ತದೆ. ಹೊಂಗೆ ಯುಗಾದಿಯ ಆಸುಪಾಸಿನಲ್ಲಿ ಹೊಸ ಎಲೆ ತಳೆದು ಅದರ ಹಿಂದೆಯೇ ಹೂವಾಗುತ್ತದೆ.

ಹೈಡ್ರೇಂಜಿಯಾ: ಹಳೆಯ ಕಡ್ಡಿ, ಹುಳಿ ಮಣ್ಣು

ಎಸ್ಟೇಟ್ ಬಂಗಲೆಗಳ ಅಂಗಳದಲ್ಲಿ ಮೇ ತಿಂಗಳಿನಲ್ಲಿ ಗೊಂಚಲು ಗೊಂಚಲಾಗಿ ಕಾಣುವ ಹೈಡ್ರೇಂಜಿಯಾ ಮಲೆನಾಡಿನ ಹವೆಗೆ ಚೆನ್ನಾಗಿ ಒಗ್ಗಿಕೊಂಡ ಗಿಡ. ಇದು ಸಾಮಾನ್ಯವಾಗಿ ಹಿಂದಿನ ವರ್ಷದ ಕಡ್ಡಿಯ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಮಲ್ಲಿಗೆಯಂತೆ ಇದನ್ನೂ ಚಳಿಗಾಲದಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿ ಹಾಕಿದಂತಾಗುತ್ತದೆ. ಹೂವು ಮುಗಿದ ಕೂಡಲೇ ಸವರುವುದು ಸರಿಯಾದ ಕ್ರಮ. ಮಧ್ಯಾಹ್ನದ ನೆರಳು ಮತ್ತು ಸದಾ ತೇವ ಇದಕ್ಕೆ ಬೇಕು.

ಇದರ ಬಣ್ಣ ಮಣ್ಣನ್ನು ಹೇಳುತ್ತದೆ. ಧಾರಾಕಾರ ಮಳೆಯಿಂದ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ಮಣ್ಣಿನಲ್ಲಿ, ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕಡಿಮೆ ಇರುವಲ್ಲಿ, ಅಲ್ಯೂಮಿನಿಯಂ ಕರಗಿ ಬೇರಿಗೆ ದೊರೆಯುತ್ತದೆ ಮತ್ತು ಹೂವಿನ ಬಣ್ಣದ ವಸ್ತುವಿನೊಂದಿಗೆ ಸೇರಿ ನೀಲಿಯನ್ನು ಕೊಡುತ್ತದೆ, ಪಿಎಚ್ 6.5ರ ಮೇಲೆ ಅದು ದೊರೆಯದೆ ಹೂವು ಗುಲಾಬಿಯಾಗುತ್ತದೆ. ಬಣ್ಣದ ವಸ್ತು ಎರಡೂ ಕಡೆ ಒಂದೇ. ಕಾಫಿಗೆಂದು ಹಾಕಿದ ಸುಣ್ಣ ಹೈಡ್ರೇಂಜಿಯಾದ ಬುಡಕ್ಕೂ ಹರಿದರೆ ನೀಲಿ ಮಾಸಬಹುದು. ಬಿಳಿ ಹೂವಿನ ತಳಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಇಷ್ಟನ್ನು ಓದಿದ ಮೇಲೆ ಅಂಗಳದ ಎಲ್ಲ ಗಿಡಗಳಿಗೂ ಒಂದೇ ಪೈಪಿನಿಂದ ಒಂದೇ ಅಳತೆಯ ನೀರು ಹಾಯಿಸುವುದು ಏಕೆ ತಪ್ಪೆಂಬುದು ತಿಳಿಯುತ್ತದೆ. ಮಲ್ಲಿಗೆ ಮತ್ತು ಹೈಡ್ರೇಂಜಿಯಾವನ್ನು ನಲ್ಲಿಯ ಹತ್ತಿರ, ಬೋಗನ್‌ವಿಲ್ಲಾವನ್ನು ಬೇಲಿಯ ಒಣ ಮೂಲೆಯಲ್ಲಿ, ಮಲಗಿದ ಗಡ್ಡೆಯ ಕುಂಡಗಳನ್ನು ನೀರು ತಾಗದ ಸೂರಿನ ಕೆಳಗೆ ಇಡಬೇಕು. ಅಭ್ಯಾಸಕ್ಕಾಗಿ ಡಿಸೆಂಬರ್‌ನಲ್ಲಿ ಪ್ರತಿಯೊಂದು ಗಿಡದ ಒಂದು ರೆಂಬೆಯ ತುದಿಗೆ ಬಣ್ಣದ ದಾರ ಕಟ್ಟಿ, ಮುಂದೆ ಬೀಳುವ ಒಂದೊಂದು ಮಳೆಯ ದಿನಾಂಕವನ್ನೂ ಅಳತೆಯನ್ನೂ ಬರೆದಿಟ್ಟು, ಏಪ್ರಿಲ್ ಕೊನೆಯಲ್ಲಿ ಹೂವು ದಾರದ ಹಿಂದೆ ಬಂದಿದೆಯೋ ಮುಂದೆ ಬಂದಿದೆಯೋ ಎಂದು ನೋಡಿ: ಹಿಂದೆ, ಹಳೆಯ ಕಡ್ಡಿಯ ಮೇಲೆಯೇ ಬಂದಿದ್ದರೆ ಅದು ಹಳೆಯ ಕಡ್ಡಿಯ ಹೂವು, ಮುಂದೆ ಬಂದಿದ್ದರೆ ಹೊಸ ಚಿಗುರಿನದು. ಹೈಡ್ರೇಂಜಿಯಾಕ್ಕೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಏಕೆಂದರೆ ಅದರ ಮೊಗ್ಗು ಹಳೆಯ ಕಡ್ಡಿಯ ತುದಿಯಲ್ಲಿಯೇ ಇರುವುದರಿಂದ ಹೂವು ದಾರದ ಮುಂದೆಯೇ ಕಾಣುತ್ತದೆ.